ಬಿಡಾರದಲ್ಲಿ ಸಿಕ್ಕ ಹುಳು: ಗುರುತು ಹಿಡಿಯುವ ಒಂದು ಪಾಠ



ನಮ್ಮ ಸಂಘದ ಕಚೇರಿಗೆ ವರ್ಷವಿಡೀ ಹುಳುಗಳು ಬರುತ್ತಿರುತ್ತವೆ. ಬೆಂಕಿಪೊಟ್ಟಣದಲ್ಲಿ ಬರುತ್ತವೆ, ಕೆಸುವಿನ ಎಲೆಯಲ್ಲಿ ಸುತ್ತಿಸಿಕೊಂಡು ಬರುತ್ತವೆ, ಒಮ್ಮೆ ಒಬ್ಬರ ಟೋಪಿಯೊಳಗೆ ಬಂದದ್ದೂ ಉಂಟು. ಈಚಿನ ವರ್ಷಗಳಲ್ಲಿ ಮೊಬೈಲಿನ ಫೋಟೋ ಆಗಿ ಬರುವುದೇ ಹೆಚ್ಚು. ತಂದವರು ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: "ಇದಕ್ಕೆ ಯಾವ ಔಷಧಿ ಹೊಡೆಯಬೇಕು?" ಇದು ಯಾವ ಹುಳು, ನಮ್ಮ ಗಿಡಕ್ಕೆ ಇದು ಏನಾದರೂ ಮಾಡುತ್ತದೆಯೇ ಎಂದು ಮೊದಲು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ಗುರುತು ಹಿಡಿಯುವ ವಿಚಾರವನ್ನೇ ಈ ಸಲ ಪಾಠವಾಗಿ ಬರೆಯಬೇಕೆಂದು ನಿರ್ದೇಶಕರು ಸೂಚಿಸಿದ್ದಾರೆ. ಪುಸ್ತಕ ನೋಡಿಕೊಂಡು ಬರೆಯಬಹುದಿತ್ತು. ಆದರೆ ನನಗೇ ಆದ ಒಂದು ಅನುಭವವಿದೆ. ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು, ಹೇಳದೆ ಬಿಡಲೂ ಆಗದಂಥದ್ದು. ಅದನ್ನೇ ಮುಂದಿಟ್ಟುಕೊಂಡು ಪಾಠ ಶುರುಮಾಡುತ್ತೇನೆ.

2022ರ ಏಪ್ರಿಲ್ ತಿಂಗಳ ಮೂರನೆಯ ವಾರ. ನನ್ನ ಅಕ್ಕನ ಮಗ ಬೆಂಗಳೂರಿನಿಂದ ಹೆಂಡತಿ ಮಕ್ಕಳೊಡನೆ ರಜೆಗೆ ಬಂದಿದ್ದ. ಗುಡ್ಡದ ಮೇಲೆ ಡೇರೆ ಹಾಕಿಕೊಂಡು ಒಂದು ರಾತ್ರಿ ಮಲಗಬೇಕೆಂದು ಮಕ್ಕಳ ಹಟ. ಡೇರೆಯನ್ನು ಅವರೇ ತಂದಿದ್ದರು. ಕೊಡೆ ಬಿಚ್ಚಿದ ಹಾಗೆ ಬಿಚ್ಚಿದರೆ ಮನೆಯಾಗುತ್ತದೆ. ನಮ್ಮ ಮನೆಯ ಹಿಂದಿನ ಗುಡ್ಡ ರಿಸರ್ವ್ ಅರಣ್ಯ, ಅಲ್ಲಿ ಬೆಂಕಿ ಮಾಡುವಂತಿಲ್ಲ. ಆದ್ದರಿಂದ ಏಳೆಂಟು ಮೈಲಿ ಆಚೆ, ಸ್ನೇಹಿತರೊಬ್ಬರ ತೋಟದ ನೆತ್ತಿಯ ಮೇಲಿರುವ ಹುಲ್ಲುಬೋರೆಗೆ ಅವರ ಒಪ್ಪಿಗೆ ಪಡೆದು ಹೋದೆವು. ಬೋರೆಯ ಕೆಳಗೆ ಬೇಲಿ, ಬೇಲಿಯಾಚೆ ಅವರ ಹೊಸ ಅರೇಬಿಕಾ, ಐದು ವರ್ಷದ ಚಂದ್ರಗಿರಿ ಗಿಡಗಳು. ನೆರಳಿನ ಮರ ಇನ್ನೂ ಎದ್ದಿರಲಿಲ್ಲ.

ಬೋರೆಯ ಮೇಲೆ ಸೌದೆ ಸಿಗುವುದಿಲ್ಲವೆಂದು ಜೀಪಿನ ಹಿಂದೆ ಮನೆಯಿಂದಲೇ ಒಂದು ಹೊರೆ ಹಾಕಿಸಿದ್ದೆ. ಬಚ್ಚಲ ಒಲೆಯ ಪಕ್ಕ ಒಟ್ಟಿದ್ದ ಕಾಫಿ ಕಟ್ಟಿಗೆ. ಮುಂಗೈ ಗಾತ್ರದ್ದು, ಎತ್ತಲು ಹಗುರ, ಉರಿ ಚೆನ್ನಾಗಿ ಬರುತ್ತದೆ. ಆಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ.

ರಾತ್ರಿ ಬ್ಯಾಟರಿ ದೀಪಕ್ಕೆ ತರಾವರಿ ಹುಳುಗಳು ಬಂದವು. ಅವುಗಳಲ್ಲಿ ಒಂದರ ಬಗ್ಗೆ ಪಾಠದಿಂದ ಸ್ವಲ್ಪ ಪಕ್ಕಕ್ಕೆ ಸರಿದು ಹೇಳಬೇಕು, ಏಕೆಂದರೆ ಅದು ತೋಟದ ಮನೆಗಳಲ್ಲಿಯೂ ಕಾಣುತ್ತದೆ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಇರುವೆಯಂತೆ ಸಪೂರ. ತಲೆ ಕಪ್ಪು, ಎದೆ ಕೆಂಪು, ನಡುವೆ ನೀಲಿಗಪ್ಪು, ಹೊಟ್ಟೆ ಮತ್ತೆ ಕೆಂಪು, ಬಾಲದ ತುದಿ ಕಪ್ಪು. ಇದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಆದರೆ ಕುತ್ತಿಗೆಯ ಮೇಲೆ ಕೂತದ್ದನ್ನು ಹೊಸಕಿದರೆ ಅದರ ಮೈಯ ರಸ ತಾಗಿ ಒಂದೆರಡು ದಿನದಲ್ಲಿ ಸುಟ್ಟಂತೆ ಗುಳ್ಳೆ ಏಳುತ್ತದೆ. ಜೇಡ ಹರಿದದ್ದು, ಸರ್ಪಸುತ್ತು ಎಂದು ಜನ ತಪ್ಪು ತಿಳಿದು ಏನೇನೋ ಹಚ್ಚುತ್ತಾರೆ. ಮೈಮೇಲೆ ಕಂಡರೆ ಊದಿಬಿಡಿ. ಹೊಸಕಿದ್ದೇ ಆದರೆ ತಕ್ಷಣ ಸೋಪು ಹಾಕಿ ತೊಳೆಯಿರಿ.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಸಿಲು ಚುರುಕಾಗಿತ್ತು. ಡೇರೆಯ ಬಟ್ಟೆಯ ಮೇಲೆ ಒಂದು ಹುಳು ಸರಸರನೆ ಓಡಾಡುತ್ತಿತ್ತು. ಅರ್ಧ ಅಂಗುಲಕ್ಕಿಂತ ಕೊಂಚ ಉದ್ದ. ಮೈ ಕಪ್ಪು, ಬೆನ್ನಿನ ಮೇಲೆ ಬಿಳಿ ಗೆರೆಗಳು. ಹುಡುಗ ಒಂದು ಹೆಜ್ಜೆ ಹಿಂದೆ ಸರಿದು ಕೂಗಿದ:

"ಅಜ್ಜ, ಕಣಜ! ಕಚ್ಚತ್ತೆ!"

ಅವನ ಅಕ್ಕ ಅದು ದೊಡ್ಡ ಇರುವೆ ಎಂದಳು. ನನ್ನ ಸೋದರಳಿಯ ಮೊಬೈಲು ತೆಗೆದು, "ಮಾವ, ಫೋಟೋ ಹೊಡೆದರೆ ಇದೇ ಹೆಸರು ಹೇಳತ್ತೆ" ಎಂದ. ಆದರೆ ಬೋರೆಯ ಮೇಲೆ ಸಿಗ್ನಲ್ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವನು, ಜಿರಳೆ ಕೊಯ್ದು ಅಂಕ ಪಡೆದವನು, ಮೂವತ್ತು ವರ್ಷ ಕಾಫಿ ಬೆಳೆದವನು, ಈ ಸಂಘದ ಕಾರ್ಯದರ್ಶಿ. "ಯಾವುದೋ ಕಾಡಿನ ಹುಳು" ಎಂದುಬಿಟ್ಟೆ.

ಮಕ್ಕಳು ಬಿಡಲಿಲ್ಲ. ಉಪ್ಪಿನಕಾಯಿ ತಂದಿದ್ದ ಬಾಟಲಿ ತೊಳೆದು, ಒರೆಸಿ, ಹುಳುವನ್ನು ಅದರೊಳಗೆ ಹಾಕಿದೆವು. ನಾವು ಅದನ್ನು ನೋಡಿದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಯಾವ ಹುಳುವನ್ನು ನೋಡುವಾಗಲೂ ಇದೇ ಕ್ರಮ ಸಾಕು.

ಮೊದಲು ಕಾಲು ಎಣಿಸಬೇಕು. ಆರಿದ್ದರೆ ಕೀಟ. ಎಂಟಿದ್ದರೆ ಜೇಡ, ಚೇಳು, ಉಣುಗು, ನುಸಿಗಳ ಕಡೆಯದು. ಅವಕ್ಕೆ ಬೇರೆಯೇ ಔಷಧಿ, ಬೇರೆಯೇ ಲೆಕ್ಕ. ಹುಡುಗ ಬಾಟಲಿಯ ತಳದಿಂದ ನೋಡಿ ಆರು ಎಂದ.

ಆಮೇಲೆ ಬೆನ್ನು. ಗುರುತು ಹಿಡಿಯುವವನಿಗೆ ಬೆನ್ನಿನಷ್ಟು ಉಪಕಾರಿ ಭಾಗ ಇನ್ನೊಂದಿಲ್ಲ. ದುಂಬಿಯ ಜಾತಿಯ ಹುಳುವಾದರೆ ಮೇಲಿನ ಎರಡು ರೆಕ್ಕೆಗಳು ಗಟ್ಟಿಯಾಗಿ, ಪೆಟ್ಟಿಗೆಯ ಮುಚ್ಚಳದ ಹಾಗೆ ಮುಚ್ಚಿಕೊಂಡಿರುತ್ತವೆ. ಎರಡೂ ಕೂಡುವಲ್ಲಿ ಬೆನ್ನಿನ ನಡುವೆ ದಾರ ಹಿಡಿದಂತೆ ನೇರವಾದ ಗೆರೆ ಕಾಣುತ್ತದೆ. (ದುಂಬಿ ಎಂದರೆ ಕವಿಗಳ ದುಂಬಿ ಅಲ್ಲ, ಅದು ಜೇನಿನ ಕಡೆಯದು. ಓಡಿನಂಥ ಬೆನ್ನಿನ ಹುಳುಗಳನ್ನು ಇಲ್ಲಿ ದುಂಬಿ ಎನ್ನುತ್ತಿದ್ದೇನೆ.) ತಿಗಣೆಯ ಜಾತಿಯಾದರೆ ಬೆನ್ನಿನ ಮೇಲೆ ಒಂದು ಮುಕ್ಕೋನ, ಅದರ ಕೆಳಗೆ ರೆಕ್ಕೆಗಳು ಒಂದರ ಮೇಲೊಂದು ಕತ್ತರಿಯಂತೆ ಹಾಯ್ದಿರುತ್ತವೆ; ಅಡಿಕೆಯ ಸುಳಿ ತಿಗಣೆಯನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಇದು ಗೊತ್ತಿರುತ್ತದೆ. ಕಣಜಕ್ಕೆ ಪಾರದರ್ಶಕವಾದ ನಾಲ್ಕು ರೆಕ್ಕೆ, ನಡು ಎಳೆಯಷ್ಟು ಸಣ್ಣ. ನೊಣಕ್ಕೆ ಎರಡೇ ರೆಕ್ಕೆ. ಪತಂಗ, ಚಿಟ್ಟೆಗಳ ರೆಕ್ಕೆ ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ.

ನಮ್ಮ ಬಾಟಲಿಯ ಹುಳುವಿನ ಬೆನ್ನಿನಲ್ಲಿ ನೇರ ಗೆರೆ ಇತ್ತು. ನಡು ಸಣ್ಣದಲ್ಲ. ಅಲ್ಲಿಗೆ ಕಣಜವೂ ಹೋಯಿತು, ಇರುವೆಯೂ ಹೋಯಿತು. ಕಣಜದ ವೇಷ ಹಾಕಿದ ದುಂಬಿ. ಕಣಜವೆಂದರೆ ಹಕ್ಕಿಯೂ ಹೆದರುತ್ತದೆ, ಮಕ್ಕಳೂ ಹೆದರುತ್ತಾರೆ. ವೇಷದಿಂದ ಅದಕ್ಕೆ ಲಾಭವಿದೆ. ಮೀಸೆ ಮೈಯ ಅರ್ಧದಷ್ಟೂ ಇರಲಿಲ್ಲ. ಎದೆಯ ಭಾಗ ಗುಂಡಗೆ, ಅದರ ಮೇಲೆ ಕಪ್ಪು ಚುಕ್ಕಿ. ಬೆನ್ನಿನ ಬಿಳಿ ಗೆರೆಗಳಲ್ಲಿ ಒಂದು ಮಗುಚಿಟ್ಟ 'ವಿ' ಅಕ್ಷರದಂತೆ, ನಮ್ಮ ಮನೆಯ ಮಾಡಿನ ಆಕಾರದಲ್ಲಿ ಇತ್ತು.

ಇಷ್ಟು ನೋಡಿದ ಮೇಲೂ ನನಗೆ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಹೊಳೆಸಿದವರು ನಮ್ಮ ಜೊತೆ ಬಂದಿದ್ದ ಹಳೆಯ ಮೇಸ್ತ್ರಿ. ಅವರು ಹುಳುವನ್ನು ನೋಡಲೇ ಇಲ್ಲ. ಉಳಿದ ಸೌದೆಯ ಹತ್ತಿರ ಕೂತು ಬೀಡಿ ಸೇದುತ್ತಿದ್ದವರು ಅಲ್ಲಿಂದಲೇ ಹೇಳಿದರು: "ಅಯ್ಯಾ, ಅದು ಕಾಡಿನಿಂದ ಬಂದಿದ್ದಲ್ಲ. ನಾವು ತಂದ ಕಟ್ಟಿಗೆಯಿಂದ ಎದ್ದಿದ್ದು. ಇಲ್ಲಿ ಇನ್ನೊಂದು ಹೊರಗೆ ಬರ್ತಾ ಇದೆ ನೋಡಿ."

ಹೋಗಿ ನೋಡಿದೆ. ಕಾಂಡದ ತೊಗಟೆಯಲ್ಲಿ ಪೆನ್ಸಿಲ್ ಗಾತ್ರಕ್ಕೂ ಸಣ್ಣದಾದ ದುಂಡನೆಯ ತೂತು. ತೂತಿನ ಬಾಯಲ್ಲಿ ಎರಡು ಮೀಸೆ ಆಡುತ್ತಿದ್ದವು. ಕತ್ತಿ ತರಿಸಿ ಅದೇ ಕಟ್ಟಿಗೆಯನ್ನು ಸೀಳಿದೆ. ಒಳಗೆ ಸುರುಳಿ ಸುರುಳಿಯಾಗಿ ಸುರಂಗ, ಸುರಂಗದ ತುಂಬ ಗಟ್ಟಿಯಾಗಿ ಜಡಿದ ಮರದ ಹಿಟ್ಟು. ಒಂದು ಕಡೆ ಹಾಲುಬಣ್ಣದ ಕೋಶ, ಇನ್ನೊಂದು ಕಡೆ ತಲೆಯ ಬದಿ ಅಗಲವಾಗಿ ಬಾಲದ ಬದಿ ಸಪೂರವಾದ, ಕಾಲಿಲ್ಲದ, ಹಳದಿಗಟ್ಟಿದ ಬಿಳಿ ಹುಳು.

ಆ ಮರಿಯನ್ನು ನೋಡಿದ ಕೂಡಲೇ ತಂದೆಯ ಗುರುತು ಸಿಕ್ಕಿತು. ಬಿಳಿ ಕಾಂಡಕೊರಕ. ನಮ್ಮ ಮಾತಿನಲ್ಲಿ ಬೋರರ್.

ಬಾಂಧವರೇ, ಬೋರರ್ ಗಿಡವನ್ನು ನಾನು ಕಣ್ಣುಮುಚ್ಚಿ ಕೈಯಾಡಿಸಿ ಹೇಳಬಲ್ಲೆ. ಕಾಂಡದ ಮೇಲಿನ ಉಬ್ಬು, ಹಳದಿಗೆ ತಿರುಗಿದ ಎಲೆ, ಮಧ್ಯಾಹ್ನದ ಬಾಡು, ಎಲ್ಲ ಗೊತ್ತು. ಸೀಳಿದರೆ ಒಳಗಿನ ಮರಿ ಗೊತ್ತು. ಆದರೆ ಹಾರಿ ಹೋಗಿ ಮೊಟ್ಟೆಯಿಡುವ ದೊಡ್ಡ ಹುಳುವನ್ನು ಬಿಡಿಸಿ ನೋಡಿರಲಿಲ್ಲ. ಕಾಫಿ ಮಂಡಳಿಯ ಪತ್ರಿಕೆಗಳಲ್ಲಿ ಅದರ ಚಿತ್ರ ಎಷ್ಟೋ ಸಲ ಬಂದಿದೆ. ಚಿತ್ರದಲ್ಲಿ ಅದು ಅಂಗೈಯಗಲ ಇರುತ್ತದೆ, ಕದಲದೆ ಇರುತ್ತದೆ. ಡೇರೆಯ ಮೇಲೆ ಓಡುವ ಅರ್ಧ ಅಂಗುಲದ ಹುಳುವಿಗೂ ಅದಕ್ಕೂ ನನ್ನ ಮನಸ್ಸು ಗಂಟು ಹಾಕಲಿಲ್ಲ. ಈ ಮಾತನ್ನು ಆಮೇಲೆ ಹಲವು ಸದಸ್ಯರಲ್ಲಿ ಆಡಿದಾಗ, "ನಾನೂ ನೋಡಿಲ್ಲ ಮಾರಾಯ್ರೇ" ಎಂದವರೇ ಹೆಚ್ಚು.

ಇನ್ನು ಕಟ್ಟಿಗೆಯ ಕತೆ. ಮಾರ್ಚಿಯಲ್ಲಿ ನಮ್ಮ ತೋಟದಲ್ಲಿ ಟ್ರೇಸಿಂಗ್ ಮಾಡಿಸಿ ಬೋರರ್ ಗಿಡ ಕೀಳಿಸಿದ್ದೆವು. ಕಿತ್ತದ್ದನ್ನು ಕೂಡಲೇ ಸುಡಬೇಕೆಂದು ಸಂಘದ ಸುತ್ತೋಲೆಯಲ್ಲಿ ನಾನೇ ಸಹಿ ಹಾಕಿ ಕಳಿಸಿದ್ದೆ. ಆದರೆ ಸೌದೆಯ ಅಭಾವ, ಆಳಿನ ಅಭಾವ. ದಪ್ಪ ಕಾಂಡಗಳು ಬಚ್ಚಲ ಒಲೆಗಾಗುತ್ತವೆಂದು ಒಟ್ಟಿಸಿಬಿಟ್ಟೆ. ಕಿತ್ತ ಗಿಡ ಸತ್ತಿತು, ಒಳಗಿನ ಹುಳು ಸಾಯಲಿಲ್ಲ. ಅದು ತನ್ನ ಪಾಡಿಗೆ ಕೋಶ ಕಟ್ಟಿ, ಏಪ್ರಿಲ್ ಬಿಸಿಲಿಗೆ ಕಾದಿತ್ತು. ಅದನ್ನು ಜೀಪಿನಲ್ಲಿ ಹೇರಿಕೊಂಡು ಏಳೆಂಟು ಮೈಲಿ ಹೋಗಿ, ಇನ್ನೊಬ್ಬರ ಎಳೆಯ ಅರೇಬಿಕಾದ ತಲೆಯ ಮೇಲೆ ಬಿಸಿಲಿಗೆ ಹರಡಿದವನು ನಾನು.

ಉಳಿದ ಕಟ್ಟಿಗೆಯನ್ನೆಲ್ಲ ಅಲ್ಲೇ ಗುಡ್ಡೆ ಹಾಕಿ, ಸುತ್ತ ಹುಲ್ಲು ಹೆರೆಸಿ, ಬೂದಿಯಾಗುವ ತನಕ ನಿಂತು ಸುಡಿಸಿದೆ. ಕಟ್ಟಿಗೆಗಳ ಮೇಲಿನ ಹೊಸ ತೂತುಗಳನ್ನು ಸುಡುವ ಮುಂಚೆ ಎಣಿಸಿದೆವು: ಹದಿನಾಲ್ಕು. ಬಾಟಲಿಯಲ್ಲಿದ್ದದ್ದು ಎರಡು. ಕೆಲವು ಮನೆಯಲ್ಲೇ ಹಾರಿರಬಹುದು, ಕೆಲವು ದಾರಿಯಲ್ಲಿ. ಬೇಲಿಯಾಚೆ ಎಷ್ಟು ಹೋದವು ಎಂದು ಯಾರು ಹೇಳಬೇಕು?

ಸಂಜೆ ಸ್ನೇಹಿತರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಸುತ್ತೋಲೆ ನೀವೇ ಕಳಿಸಿದ್ದಲ್ವಾ?" ಎಂದು ಮಾತ್ರ ಕೇಳಿದರು. ಕಾಫಿ ಕುಡಿದೆವು. ಅಷ್ಟರಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕಿ, ನನ್ನ ಸೋದರಳಿಯನ ಫೋಟೋಕ್ಕೆ ಯೂರೋಪಿನ ಒಂದು ದುಂಬಿಯ ಹೆಸರು ಬಂತು. ಅದು ಪೂರಾ ಸುಳ್ಳೂ ಅಲ್ಲ. ಕಣಜದ ವೇಷ ಹಾಕುವ ಒಂದೇ ಬಳಗದ ದಾಯಾದಿಗಳು. ಆದರೆ ಆ ಹೆಸರನ್ನು ನಂಬಿದ್ದರೆ ನಾವು ಸಮಾಧಾನವಾಗಿ ಮನೆಗೆ ಹೋಗುತ್ತಿದ್ದೆವು. ಮೊಬೈಲಿಗೆ ಹುಳುವಿನ ಮುಖ ಮಾತ್ರ ತೋರಿಸಿದ್ದೆವು, ಅದು ಎದ್ದು ಬಂದ ಕಟ್ಟಿಗೆಯನ್ನು ತೋರಿಸಿರಲಿಲ್ಲ. ಯಾವ ಗಿಡದ ಮೇಲೆ, ಯಾವ ತಿಂಗಳು, ಬಿಸಿಲಲ್ಲೋ ಕತ್ತಲಲ್ಲೋ ಎಂಬುದು ಹುಳುವಿನ ಬಣ್ಣಕ್ಕಿಂತ ದೊಡ್ಡ ಗುರುತು. ನಮ್ಮ ಮೇಸ್ತ್ರಿಗೆ ಹೆಸರು ಗೊತ್ತಿರಲಿಲ್ಲ, ಜಾಗ ಗೊತ್ತಿತ್ತು.

ಈ ಹುಳುವಿನ ಪೂರ್ವೋತ್ತರವನ್ನೂ ತಿಳಿದಿರುವುದು ಒಳ್ಳೆಯದು. ಶೆವ್ರೊಲಾ ಎಂಬ ಫ್ರೆಂಚ್ ವಿದ್ವಾಂಸ 1863ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ: ಕ್ಸೈಲೋಟ್ರೆಕಸ್ ಕ್ವಾಡ್ರಿಪಿಸ್. ಮೊದಲ ಪದದ ಅರ್ಥ ಮರದ ಮೇಲೆ ಓಡುವುದು ಎಂದು, ಅದು ಸರಿಯಾಗಿದೆ. ಎರಡನೆಯದರ ಅರ್ಥ ನಾಲ್ಕು ಕಾಲಿನದು! ಬಾಟಲಿಯ ತಳದಿಂದ ಎಣಿಸಿದ ಹುಡುಗನಿಗೆ ಇದನ್ನು ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. ಅದೇ ದಶಕದಲ್ಲಿ ಕೊಡಗು, ಮೈಸೂರು ಸೀಮೆಗಳ ಕಾಫಿ ತೋಟಗಳನ್ನು ಈ ಹುಳು ಹಾಳುಗೆಡವಿತು. ಮದ್ರಾಸು ಸರ್ಕಾರ ಡಾಕ್ಟರ್ ಜಾರ್ಜ್ ಬಿಡಿ ಎಂಬ ವೈದ್ಯಾಧಿಕಾರಿಯನ್ನು ತನಿಖೆಗೆ ನೇಮಿಸಿತು. ಆತನ ವರದಿ 1869ರಲ್ಲಿ ಅಚ್ಚಾಯಿತು. ಕಾಡು ಬೋಳಿಸಿ ಬಿಸಿಲಿನಲ್ಲಿ ಕಾಫಿ ಹಾಕಿದ್ದೇ ಅನಾಹುತಕ್ಕೆ ಕಾರಣ, ನೆರಳು ಉಳಿಸಿಕೊಳ್ಳಿ ಎಂದು ಆತ ಹೇಳಿದ. ನೂರೈವತ್ತು ವರ್ಷ ಕಳೆದರೂ ಇದಕ್ಕಿಂತ ಅಗ್ಗದ ಉಪಾಯ ಬಂದಿಲ್ಲ. ಹುಳು ಬಿಸಿಲನ್ನು ಬಯಸುತ್ತದೆ. ಬಿಸಿಲು ಬೀಳುವ ಕಾಂಡವನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಮೆಣಸಿನ ಬಳ್ಳಿಗೆ ಬೆಳಕು ಬೇಕೆಂದು ಮರದ ಕೊಂಬೆಗಳನ್ನು ಬುಡಸಹಿತ ಸವರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದು ಹಾರುವ ಕಾಲ ವರ್ಷಕ್ಕೆ ಎರಡು: ಏಪ್ರಿಲ್-ಮೇ ತಿಂಗಳು, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್. ಮುಖ್ಯ ಕಾಂಡದ ಮತ್ತು ದಪ್ಪ ಕೊಂಬೆಗಳ ತೊಗಟೆಯ ಬಿರುಕಿನಲ್ಲಿ ಮೊಟ್ಟೆ. ಸುಮಾರು ಹತ್ತು ದಿನಕ್ಕೆ ಮರಿ. ಮರಿ ಮೊದಮೊದಲು ತೊಗಟೆಯ ಕೆಳಗೇ ಮೇಯುತ್ತದೆ, ಕಾಂಡದ ಮೇಲಿನ ಉಬ್ಬು ಆಗ ಏಳುವುದು. ಆಮೇಲೆ ಮರದೊಳಕ್ಕೆ ಇಳಿಯುತ್ತದೆ. ಹೊರಗೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷ. ಎಳೆಯ ಗಿಡ ಅಷ್ಟರಲ್ಲಿ ಹೋಗಿಯೇಬಿಡುತ್ತದೆ, ಹಳೆಯ ಗಿಡ ಕೆಲವು ವರ್ಷ ನರಳಿಕೊಂಡು ಸುಮಾರಾದ ಫಸಲು ಕೊಡುತ್ತಿರುತ್ತದೆ. ಹಾಗೆ ನರಳುವ ಗಿಡವೇ ಸುತ್ತಲಿನ ಗಿಡಗಳಿಗೆ ತವರುಮನೆ. ರೊಬಸ್ಟಾಕ್ಕೆ ಇದರ ಕಾಟ ಅಪರೂಪ.

ಕಾಂಡ ಕೊರೆಯುವುದೆಲ್ಲ ಒಂದೇ ಹುಳು ಎಂದು ತಿಳಿಯಬಾರದು. ಕೆಂಪು ಕೊರಕವೂ ಇದೆ. ಅದು ಪತಂಗದ ಮರಿ, ಮೈ ಕೆಂಪು, ಕಾಲುಗಳಿವೆ. ಅದು ತನ್ನ ಹಿಕ್ಕೆಯನ್ನು ತೂತಿನಿಂದ ಹೊರಗೆ ನೂಕುತ್ತದೆ, ಗಿಡದ ಬುಡದಲ್ಲಿ ಕಾಳುಕಾಳಾಗಿ ಬಿದ್ದಿರುತ್ತದೆ. ಬಿಳಿ ಕೊರಕ ಸುರಂಗವನ್ನು ಹಿಟ್ಟಿನಿಂದ ಜಡಿದುಕೊಂಡೇ ಮುಂದೆ ಹೋಗುವುದರಿಂದ ಹೊರಗೆ ಏನೂ ಬೀಳುವುದಿಲ್ಲ. ಬುಡ ನೋಡಿದರೆ ಅರ್ಧ ಗುರುತು ಸಿಕ್ಕಿತು.

ಮಾಡಬೇಕಾದ್ದು ನಿಮಗೆ ತಿಳಿದದ್ದೇ. ಹಾರುವ ಕಾಲಕ್ಕೆ ಮುಂಚೆ, ಅಂದರೆ ಮಾರ್ಚಿಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ ಟ್ರೇಸಿಂಗ್. ಕಿತ್ತ ಗಿಡವನ್ನು ಅಂದೇ ಸುಡುವುದು. ಸೌದೆಗೆ ಬೇಕೇಬೇಕು ಎನ್ನುವವರು ಕಾಂಡಗಳನ್ನು ಹತ್ತು ದಿನ ಕೆರೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸಿಟ್ಟು ಆಮೇಲೆ ಒಣಗಿಸಬೇಕು. ತೇಲದಂತೆ ಮೇಲೆ ಕಲ್ಲು ಹೇರಬೇಕು. ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನ ಕೈಚೀಲದಿಂದ ಉಜ್ಜಿ ತೆಗೆಯಬೇಕು, ಕತ್ತಿಯಿಂದ ಹೆರೆಯಬಾರದು. ಹತ್ತು ಪಾಲು ನೀರಿಗೆ ಒಂದು ಪಾಲು ಸುಣ್ಣದ ಲೆಕ್ಕದಲ್ಲಿ, ಎಂದರೆ 200 ಲೀಟರಿಗೆ 20 ಕಿಲೋ, ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ಹೊಡೆಯಬೇಕು. ಗಂಡುಹುಳುವಿನ ವಾಸನೆಯನ್ನು ಅನುಕರಿಸುವ ಬಲೆಗಳನ್ನು ಎಕರೆಗೆ ಹತ್ತರಂತೆ ತೂಗಿದರೆ ಹೆಣ್ಣು ಹುಳುಗಳು ಬಂದು ಬೀಳುತ್ತವೆ. ಹಾರಾಟ ಯಾವಾಗ ಶುರುವಾಯಿತೆಂದೂ ತಿಳಿಯುತ್ತದೆ. ಹಿಂದೆ ನಮ್ಮಲ್ಲಿ ಕಾಂಡಕ್ಕೆ ಲಿಂಡೇನ್ ಬಳಿಯುತ್ತಿದ್ದೆವು. 2013ರಿಂದ ಅದರ ಬಳಕೆ ನಿಷಿದ್ಧ. ಯಾರ ಉಗ್ರಾಣದಲ್ಲಾದರೂ ಹಳೆಯ ಡಬ್ಬಿ ಉಳಿದಿದ್ದರೆ ದಯವಿಟ್ಟು ಅದನ್ನು ತೋಟಕ್ಕೆ ಒಯ್ಯಬೇಡಿ.

ಅಡಿಕೆ ಮಾತ್ರ ಇರುವ ಸದಸ್ಯರು, ನಮಗೇನು ಇದರಲ್ಲಿ ಎಂದು ಪುಟ ತಿರುವಬಾರದು. ಬೇರುಹುಳುವಿನ ವಿಚಾರದಲ್ಲಿ ನಿಮ್ಮ ಸ್ಥಿತಿಯೂ ನನ್ನದೇ. ಬುಡ ಅಗೆದಾಗ ಅರ್ಧಚಂದ್ರದಂತೆ ಮುದುಡಿಕೊಳ್ಳುವ ದಪ್ಪ ಬಿಳಿ ಹುಳು ಎಲ್ಲರಿಗೂ ಗೊತ್ತು. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ, ಮುಸ್ಸಂಜೆ ಹೊತ್ತಿನಲ್ಲಿ, ನೆಲದಿಂದ ಗುಂಯ್‌ಗುಡುತ್ತ ಏಳುವ ಕಂದುಬಣ್ಣದ ದುಂಬಿ ಅದರ ತಾಯಿ ಎಂದು ತಿಳಿದವರು ಕಡಿಮೆ. ಏಳುವ ಹೊತ್ತು ಸ್ವಲ್ಪವೇ. ಆ ಹೊತ್ತಿನಲ್ಲಿ ಮನೆಯವರೆಲ್ಲ ಸೇರಿ ಕೈಯಲ್ಲಿ ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ, ಆಮೇಲೆ ಬುಡಬುಡಕ್ಕೆ ಸುರಿಯುವ ಔಷಧಿಯಲ್ಲಿ ಎಷ್ಟೋ ಉಳಿಯುತ್ತದೆ. ಗೊಬ್ಬರದ ಗುಂಡಿಯಲ್ಲಿ ಸಿಗುವ ಬಿಳಿ ಹುಳುಗಳೆಲ್ಲ ಬೇರುಹುಳುವಲ್ಲ ಎಂಬುದನ್ನೂ ಗಮನಿಸಬೇಕು. ಕುರುವಾಯಿ ದುಂಬಿಯ ಮರಿಯೂ ನೋಡಲು ಹೀಗೆಯೇ, ಅದರಿಂದ ತೆಂಗಿಗೆ ತೊಂದರೆ.

ಗುರುತು ತಪ್ಪಿದರೆ ವೈರಿಯನ್ನು ಬಿಡುವುದು ಒಂದು ನಷ್ಟ, ನೆಂಟನನ್ನು ಕೊಲ್ಲುವುದು ಇನ್ನೊಂದು. ಹಿಟ್ಟುತಿಗಣೆ ಹಿಡಿದ ಕಾಫಿ ಗೊಂಚಲಲ್ಲಿ ಒಂದೊಂದು ಸಲ ಮೈತುಂಬ ಬಿಳಿ ಮೇಣದ ಜಡೆ ಇಳಿಬಿಟ್ಟ ದೊಡ್ಡ ಹುಳು ಕಾಣುತ್ತದೆ. ಹಿಟ್ಟುತಿಗಣೆಯ ಯಜಮಾನನೇ ಇದು ಎಂದು ಮೊದಲು ಅದನ್ನೇ ಹೊಸಕುತ್ತೇವೆ. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ, ಹಿಟ್ಟುತಿಗಣೆಯನ್ನೇ ತಿಂದು ಬದುಕುವಂಥದ್ದು. 1898ರಲ್ಲಿ ಕಾಫಿಯ ಹಸಿರು ತಿಗಣೆಗೆ ಮದ್ದಾಗಲೆಂದು ಆಸ್ಟ್ರೇಲಿಯಾದಿಂದ ತರಿಸಿದ್ದು. ತಂದ ಕೆಲಸಕ್ಕೆ ಅಷ್ಟಾಗಿ ಒದಗದಿದ್ದರೂ ಹಿಟ್ಟುತಿಗಣೆಗೆ ಒಳ್ಳೆಯ ಮದ್ದಾಯಿತು. ಗುರುತು ಸುಲಭ: ಕಡ್ಡಿಯಿಂದ ಮುಟ್ಟಿ. ಹಿಟ್ಟುತಿಗಣೆ ಕದಲಲು ಮನಸ್ಸು ಮಾಡುವುದಿಲ್ಲ, ಈ ಮರಿ ಓಡುತ್ತದೆ.

ಗುರುತು ಸಿಗದ ಹುಳುವನ್ನು ಕಚೇರಿಗೆ ತರುವವರಲ್ಲಿ ಕೆಲವು ವಿನಂತಿಗಳಿವೆ. ಗಟ್ಟಿ ಮೈಯ ಹುಳುವಾದರೆ ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಒಣಗಿದ್ದೇ ಇಟ್ಟು ತನ್ನಿ. ಒದ್ದೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಕೊಳೆಯುತ್ತದೆ, ಅಂಟುಪಟ್ಟಿಗೆ ಮೆತ್ತಿದರೆ ಬಿಡಿಸುವಾಗ ಕಾಲು ಮೀಸೆ ಉಳಿಯುವುದಿಲ್ಲ. ಮೆದು ಮೈಯ ಮರಿಯಾದರೆ ಬಿಸಿನೀರಿನಲ್ಲಿ ಒಂದು ಗಳಿಗೆ ಅದ್ದಿ, ಸ್ಪಿರಿಟ್ ಇರುವ ಸಣ್ಣ ಶೀಶೆಗೆ ಹಾಕಿ. ಹಾಗೆಯೇ ಹಾಕಿದರೆ ಕಪ್ಪಾಗುತ್ತದೆ. ಕೊರೆದ ಕಾಂಡದ, ತಿಂದ ಎಲೆಯ ತುಂಡನ್ನು ಜೊತೆಗೆ ತನ್ನಿ. ಫೋಟೋ ತೆಗೆಯುವುದಾದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಮೇಲಿನಿಂದ ಒಂದು, ಬದಿಯಿಂದ ಒಂದು, ಅದು ಇದ್ದ ಜಾಗದ್ದು ಒಂದು. ಎಲ್ಲಕ್ಕಿಂತ ಮಿಗಿಲಾಗಿ ಒಂದು ಚೀಟಿ ಇರಬೇಕು: ಯಾವ ಊರು, ಯಾವ ತಾರೀಖು, ಯಾವ ಗಿಡದ ಯಾವ ಭಾಗ, ಹಗಲೋ ರಾತ್ರಿಯೋ, ತಂದವರು ಯಾರು. ಚೀಟಿಯಿಲ್ಲದ ಹುಳುವಿಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯವರು ಹೆಸರು ಹೇಳಿಯಾರು, ಆದರೆ ಅದು ನಿಮ್ಮ ತೋಟಕ್ಕೆ ಏನು ಮಾಡುತ್ತಿತ್ತು ಎಂದು ಹೇಳಲಾರರು. ಹುಳು ಚಿಕ್ಕದು ಎಂದು ಸಂಕೋಚ ಬೇಡ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡ ಕಾಯಿಕೊರಕ ಎಳ್ಳಿನ ಕಾಳಿಗಿಂತ ದೊಡ್ಡದಲ್ಲ.

ನನ್ನ ಸ್ನೇಹಿತರ ತೋಟದ ಸಮಾಚಾರ ಹೇಳುವುದು ಬಾಕಿ. ಮರುದಿನವೇ ಆಳುಗಳನ್ನು ಕಳಿಸಿ ಬೇಲಿಯ ಬದಿಯ ಆರು ಸಾಲಿಗೆ ತೊಗಟೆ ಉಜ್ಜಿಸಿ, ಸುಣ್ಣ ಹೊಡೆಸಿದೆ. ಸುಣ್ಣವೂ ಕೂಲಿಯೂ ನನ್ನದೇ. ಬಲೆಗಳನ್ನೂ ಕಟ್ಟಿಸಿದೆ. ಸೆಪ್ಟೆಂಬರಿನ ಟ್ರೇಸಿಂಗಿಗೆ ನಾನೂ ಹೋದೆ. ಬೇಲಿಯ ಬದಿಯಲ್ಲಿ ನಾಲ್ಕು ಗಿಡಗಳ ಕಾಂಡದಲ್ಲಿ ಉಬ್ಬು ಸಿಕ್ಕಿತು, 2023ರ ಮಾರ್ಚಿಯಲ್ಲಿ ಇನ್ನು ಎರಡು. ತೋಟದ ಇನ್ನೊಂದು ತುದಿಯಲ್ಲಿ, ನಾವು ಹೋಗದ ಕಡೆ, ಮೂರು ಗಿಡಗಳಲ್ಲಿ ಹುಳು ಇತ್ತು. ಆದ್ದರಿಂದ ಆ ಆರೂ ನನ್ನ ಕಟ್ಟಿಗೆಯದೆಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು. ಸ್ನೇಹಿತರು ಈ ಲೆಕ್ಕವನ್ನು ನನ್ನೆದುರಿಗೆ ಎತ್ತಿಲ್ಲ. ಆರು ಗಿಡವನ್ನೂ ನಾವಿಬ್ಬರೂ ನಿಂತು ಸುಡಿಸಿದೆವು. ಆ ಜಾಗಕ್ಕೆ ಸಸಿ ನಮ್ಮ ನರ್ಸರಿಯಿಂದ ಹೋಗಿದೆ, ಬೇಲಿಯುದ್ದಕ್ಕೂ ಸಿಲ್ವರ್ ಓಕ್ ಬದಲು ಹಾಲುವಾಣ ನೆಟ್ಟಿದ್ದೇವೆ.

ಬಾಟಲಿ ಈಗ ಸಂಘದ ಕೌಂಟರಿನಲ್ಲಿ, ಸುಣ್ಣದ ರಸೀತಿ ಬರೆಯುವ ಮೇಜಿನ ಮೇಲೆ ಇದೆ. ಪಕ್ಕದಲ್ಲಿ ಸೀಳಿದ ಕಾಂಡದ ಒಂದು ತುಂಡೂ ಭೂತಗನ್ನಡಿಯೂ ಇವೆ. ಗೊಬ್ಬರಕ್ಕೋ ಮೈಲುತುತ್ತಕ್ಕೋ ಬಂದವರು ಒಂದು ನಿಮಿಷ ನಿಂತು ನೋಡಬಹುದು. ಚೀಟಿಯಲ್ಲಿ ತಾರೀಖು, ಊರು, ಗಿಡದ ಹೆಸರು ಇದೆ. "ತಂದವರು" ಎಂಬಲ್ಲಿ ಕಾರ್ಯದರ್ಶಿ ಎಂದು ಹುಡುಗನೇ ಬರೆದಿದ್ದಾನೆ.